ಕೋಳಿಗೂಡಿಗೆ ಹಾಕಿದ ಗೀಟು

ಅರಕೆರೆಯಲ್ಲಿ ನೆಲದ ಮೇಲೆ ಸುಣ್ಣದ ಪುಡಿಯ ಗೀಟು ಬಿದ್ದರೆ ಅದಕ್ಕೆ ಮೂರೇ ಕಾರಣ. ಪಾಯ ತೆಗೆಯುವುದಾದರೆ ಪಕ್ಕದಲ್ಲಿ ಪುರೋಹಿತರು ನಿಂತಿರುತ್ತಾರೆ. ಕಬಡ್ಡಿ ಪಂದ್ಯವಾದರೆ ಮೈಕು ಕಿರುಚುತ್ತಿರುತ್ತದೆ. ಪುರೋಹಿತರೂ ಇಲ್ಲ, ಮೈಕೂ ಇಲ್ಲ ಎಂದರೆ ಆ ಮನೆಯ ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದಾರೆ ಎಂದೇ ಲೆಕ್ಕ. ನೋಡಿದವರು ಸದ್ದಿಲ್ಲದೆ ಮನೆಗೆ ಹೋಗಿ ಊರಿಗೆಲ್ಲ ಫೋನು ಮಾಡಬೇಕು. ಈ ಮೂರರ ಆಚೆಗೆ ನಾಲ್ಕನೆಯ ಕಾರಣವೂ ಇರಬಹುದೆಂದು ತೋರಿಸಿಕೊಟ್ಟವನು ಡ್ರಿಲ್ ಮೇಷ್ಟ್ರು ಚಲುವರಾಜು. ತೋರಿಸಿಕೊಡಬೇಕೆಂಬ ಉದ್ದೇಶವೇನೂ ಅವನಿಗಿರಲಿಲ್ಲ. ಅವನ ಬಾಳಿನಲ್ಲಿ ಉದ್ದೇಶಪಟ್ಟು ಆದ ಕೆಲಸವೇ ಕಡಿಮೆ.

ಶ್ರೀರಂಗಪಟ್ಟಣದ ಹೈಸ್ಕೂಲೊಂದರಲ್ಲಿ ಅವನಿಗೆ ಕೆಲಸ. ನಲವತ್ತು ದಾಟಿದೆ, ಮದುವೆಯಾಗಿಲ್ಲ, ಕುತ್ತಿಗೆಯಲ್ಲಿ ಸದಾ ಒಂದು ಸೀಟಿ ತೂಗುತ್ತಿರುತ್ತದೆ. ತಾಳಿ ಕಟ್ಟುವ ವಯಸ್ಸಿನಲ್ಲಿ ತಾನೇ ಸೀಟಿ ಕಟ್ಟಿಕೊಂಡ ಎಂದು ಊರವರು ಆಡಿಕೊಳ್ಳುವುದುಂಟು. ಅಪ್ಪ ಅವ್ವ ಹೋಗಿ, ತಂಗಿ ಮದುವೆಯಾಗಿ ಹೊಣಕೆರೆ ಸೇರಿದ ಮೇಲೆ ಅವನಿಗೆ ಉಳಿದದ್ದು ಅಣ್ಣ ಮರಿಸ್ವಾಮಿ, ಅತ್ತಿಗೆ ಸರಸಮ್ಮ, ಅವರ ಒಲೆಯಿಂದ ಇಳಿಯುವ ಬಿಸಿ ಮುದ್ದೆ. ಮರಿಸ್ವಾಮಿ ಗದ್ದೆ, ಕಬ್ಬು, ಎಮ್ಮೆ ನೋಡಿಕೊಳ್ಳುತ್ತಾನೆ. ಮಾತು ಕಡಿಮೆ, ರೋಷ ಜಾಸ್ತಿ. ಮಕ್ಕಳಿಲ್ಲದ ಸರಸಮ್ಮ ಮೈದುನನನ್ನೇ ಬೈದು ಬೈದು ಬೆಳೆಸಿದ್ದಾಳೆ, ಆ ಕೆಲಸ ಇನ್ನೂ ಮುಗಿದಿಲ್ಲ.

ಇಂಥ ಚಲುವರಾಜು ಒಮ್ಮೆ ತಾಲ್ಲೂಕು ಕ್ರೀಡಾಕೂಟದ ಸಭೆಗೆಂದು ಪಾಂಡವಪುರಕ್ಕೆ ಹೋಗಿ, ಅವಸರದಲ್ಲಿ ಪಕ್ಕದ ಹಾಲಿಗೆ ನುಗ್ಗಿ ಕೂತುಬಿಟ್ಟ. ಬಾಗಿಲಲ್ಲೇ ಉಪ್ಪಿಟ್ಟು ಕೊಟ್ಟರು. ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಅದು ಹಿತ್ತಲಲ್ಲಿ ಕೋಳಿ ಸಾಕುವವರ ತರಬೇತಿ ಎಂದು ಗೊತ್ತಾಯಿತು. ತಿಂದ ಮೇಲೆ ಎದ್ದು ಹೋಗುವುದು ಮರ್ಯಾದೆಯಲ್ಲವೆಂದು ಕೂತೇ ಇದ್ದ. ಸುಮ್ಮನೆ ಕೂತರೆ ಅನುಮಾನ ಬಂದೀತೆಂದು ಎದ್ದು ನಿಂತು, “ಸಾರ್, ಒಂದು ಟೀಮಿಗೆ ಎಷ್ಟು ಕೋಳಿ?” ಎಂದು ಕೇಳಿದ. ಪಾಠ ಹೇಳುತ್ತಿದ್ದ ಡಾಕ್ಟರು ಒಂದು ಕ್ಷಣ ತಡೆದು, “ಒಳ್ಳೇ ಪ್ರಶ್ನೆ. ಹತ್ತು ಹೇಟೆಗೆ ಒಂದು ಹುಂಜ ಸಾಕು” ಎಂದರು. ಒಳ್ಳೇ ಪ್ರಶ್ನೆ ಎಂಬ ಮಾತನ್ನು ಚಲುವರಾಜು ಹುಟ್ಟಿದಾರಭ್ಯ ಯಾರ ಬಾಯಲ್ಲೂ ಕೇಳಿರಲಿಲ್ಲ. ಅಲ್ಲಿಂದ ಹೊರಗೆ ಬಂದದ್ದು ಡ್ರಿಲ್ ಮೇಷ್ಟ್ರಲ್ಲ, ಕೋಳಿ ತಜ್ಞ.

ಆದರೆ ಈ ವಿಷಯವನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಹಿಂದೆ ಮೊಲ ಸಾಕಿದಾಗ ಅವೆಲ್ಲ ಬಿಲ ತೋಡಿಕೊಂಡು ಪಕ್ಕದ ಮನೆ ಮಂಚಮ್ಮನ ಅವರೆ ಗಿಡದಲ್ಲಿ ಎದ್ದಿದ್ದವು. ಅಣಬೆ ಬೆಳೆಯಲು ಹೋದಾಗ ಸರಸಮ್ಮ ಅದನ್ನು ಕೊಳೆತ ಹುಲ್ಲೆಂದು ಬಗೆದು ತಿಪ್ಪೆಗೆ ಸುರಿದಿದ್ದಳು. ಅಂದಿನಿಂದ ಅವನು ಬಾಯಿ ತೆಗೆದರೆ ಸಾಕು, ಅತ್ತಿಗೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಈ ಸಲ ಕೋಳಿಗಳು ಹಿತ್ತಲಿಗೆ ಬಂದು ನಿಲ್ಲುವವರೆಗೆ ತುಟಿ ಬಿಚ್ಚಬಾರದು ಎಂದು ಶಪಥ ಮಾಡಿದ.

ಯಾವ ತಳಿ ತರುವುದು ಎಂಬುದು ಮೊದಲ ಸಮಸ್ಯೆ. ಸರ್ಕಲ್ಲಿನ ಚಿಕ್ಕಸ್ವಾಮಿಯ ಟೀ ಅಂಗಡಿಯಲ್ಲಿ ಯಾರದೋ ವಿಷಯವೆನ್ನುವಂತೆ ಕೇಳಿದ.

“ಚಿಕ್ಕಸ್ವಾಮಣ್ಣ, ಸುಮ್ನೆ ಕೇಳ್ದೆ. ಕೋಳಿಗಳಲ್ಲಿ ಯಾವ್ದು ಒಳ್ಳೇದು?”

“ನಾಟಿ ಕಣ್ ಮೇಷ್ಟ್ರೇ. ಸಾರು ಕುದಿಯೋವಾಗ ನಾಲೆ ಆಚೆಗಂಟ ಗಮ್ಮಂತದೆ.”

“ಗಿರಿರಾಜ?”

“ಮಾಂಸ ಜಾಸ್ತಿ, ಸಾರು ನೀರು.”

“ಅದಲ್ಲಣ್ಣ, ಮೊಟ್ಟೆ ಇಡೋದ್ರಲ್ಲಿ?”

ಅಂಗಡಿಯಲ್ಲಿದ್ದವರೆಲ್ಲ ಅವನನ್ನು ಕನಿಕರದಿಂದ ನೋಡಿದರು. ಕೋಳಿಯ ಬಗ್ಗೆ ಕೇಳುವಾಗ ಮೊಟ್ಟೆಯ ಮಾತೆತ್ತಿದವನು ಆ ಅಂಗಡಿಯಲ್ಲಿ ಅವನೊಬ್ಬನೇ. ಕಪ್ಪು ಕೋಳಿ ಕಡಕ್‌ನಾಥನಿಗೆ ಮೆಣಸು ಮುಂದಿರಬೇಕೆಂದೂ, ಕಾದಾಡುವ ಅಸೀಲ್ ಹುಂಜ ಬೇಯಬೇಕಾದರೆ ಒಂದು ಹೊರೆ ಸೌದೆ ಬೇಕೆಂದೂ ಇಬ್ಬರು ವಾದಕ್ಕೆ ಬಿದ್ದರು. ಡಾಕ್ಟರು ಹೇಳಿದ್ದೇ ಬೇರೆ. ಗಿರಿರಾಜ ಮೊಟ್ಟೆ ಹೆಚ್ಚು ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಮೈಭಾರದಿಂದಾಗಿ ಹದ್ದು ಬಂದರೆ ಓಡಲಾರದು. ನಾಟಿ ಮೊಟ್ಟೆ ಕಡಿಮೆ ಇಟ್ಟರೂ ಕಾವು ಕೂರುತ್ತದೆ, ಮರಿ ಮಾಡುತ್ತದೆ, ಸಂಜೆಗೆ ತಾನೇ ಮನೆ ಸೇರುತ್ತದೆ. ಒಂದನ್ನು ಆರಿಸಿದರೆ ಇನ್ನೊಂದಕ್ಕೆ ಅನ್ಯಾಯವಾಗುತ್ತದೆಂದು ಚಲುವರಾಜು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತರುವುದೆಂದು ತೀರ್ಮಾನಿಸಿದ. ಟೀಮ್ ಆಯ್ಕೆಯಲ್ಲೂ ಅವನು ಇದೇ ಕ್ರಮ ಅನುಸರಿಸುತ್ತಿದ್ದ, ಅವನ ಶಾಲೆ ಯಾವ ಪಂದ್ಯವನ್ನೂ ಗೆದ್ದಿರಲಿಲ್ಲ.

ಎರಡನೆಯದು ಜಾಗದ ಸಮಸ್ಯೆ. ರಾತ್ರಿ ಮಲಗಲು ಒಂದು ಕೋಳಿಗೆ ಎರಡು ಚದರಡಿ, ಹಗಲು ಓಡಾಡಲು ಹತ್ತು ಚದರಡಿ ಎಂದು ಡಾಕ್ಟರು ಹೇಳಿದ್ದರು. ಹಿತ್ತಲ ಒಂದು ಮೂಲೆ ಧಾರಾಳವಾಗಿ ಸಾಕಿತ್ತು. ಭಾನುವಾರ ಮುಂಜಾನೆ ಮನೆಯವರು ಏಳುವ ಮೊದಲೇ ಚಲುವರಾಜು ಶಾಲೆಯ ಸುಣ್ಣದ ಪುಡಿ ತಂದು ಮೂಲೆಯಲ್ಲಿ ಗೂಡಿನ ಗುರುತು ಹಾಕಿದ. ಕೈಯಲ್ಲಿ ಪುಡಿ ಉಳಿದಿತ್ತು. ಇಪ್ಪತ್ತು ವರ್ಷ ಕಬಡ್ಡಿ ಅಂಕಣ ಬರೆದ ಕೈ ಅದು, ಸುಣ್ಣ ಸಿಕ್ಕಿದ ಮೇಲೆ ಯಜಮಾನನ ಮಾತು ಕೇಳಲಿಲ್ಲ. ಹಿಂಬಾಗಿಲ ಹೊಸ್ತಿಲ ನಡುವಿನಿಂದ ಹಿಂದಿನ ಗೋಡೆಯವರೆಗೆ, ಹಿತ್ತಲನ್ನು ಸರಿಯಾಗಿ ಎರಡು ಮಾಡಿ, ಬಾಣದಂಥ ಒಂದು ನಡುಗೀಟು ಎಳೆದುಬಿಟ್ಟಿತು. ನಾಲ್ಕು ಮೂಲೆಗೆ ನಾಲ್ಕು ಕಲ್ಲನ್ನೂ ಇಟ್ಟಿತು. ಚಲುವರಾಜು ದೂರ ನಿಂತು ನೋಡಿದ. ಯಾಕೆ ಎಳೆದೆ ಎಂದು ಹೊಳೆಯಲಿಲ್ಲ, ಆದರೆ ನೋಡಲು ಬಹಳ ಲಕ್ಷಣವಾಗಿತ್ತು. ಇರಲಿ ಎಂದುಕೊಂಡು ತರಬೇತಿಯ ಹುಡುಗರನ್ನು ಓಡಿಸಲು ಸ್ಕೂಟರು ಹತ್ತಿ ಹೊರಟ.

ಸರಸಮ್ಮ ಪಾತ್ರೆ ಹಿಡಿದು ಹಿಂಬಾಗಿಲು ತೆಗೆದವಳು ಹೊಸ್ತಿಲ ಮೇಲೇ ನಿಂತಳು. ಗೀಟಿನ ಎಡಕ್ಕೆ ಬಟ್ಟೆ ಒಗೆಯುವ ಕಲ್ಲು, ಬಚ್ಚಲುಮನೆ, ಅವಳು ಕೈಯಾರೆ ನೆಟ್ಟು ಬೆಳೆಸಿದ ನುಗ್ಗೆಮರ. ಬಲಕ್ಕೆ ನಲ್ಲಿ, ತೆಂಗಿನಮರ, ತಿಪ್ಪೆ. ಎಡಗಡೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಬೇರೆ, ಒಲೆ ಹೂಡುವಷ್ಟಗಲ.

ಗೋಡೆಯ ಮೇಲಿಂದ ಮಂಚಮ್ಮನ ತಲೆ ಎದ್ದಿತು. ಮಂಚಮ್ಮನಿಗೆ ಮೊಲದ ಕಾಲದಿಂದಲೂ ಈ ಹಿತ್ತಲ ಮೇಲೆ ಒಂದು ಕಣ್ಣಿತ್ತು.

“ಇದೇನ್ ಸರಸಮ್ಮ, ಪಾಲಾಯ್ತಾ ಇದೀರಾ?”

“ನಂಗೇನ್ ಗೊತ್ತಕ್ಕ? ಈಗ್ಲೇ ನೋಡ್ತಾ ಇವ್ನಿ.”

“ಅಯ್ಯೋ ಶಿವ್ನೆ! ಚಿಕ್ಕೋನೇ ಗೀಟಾಕ್ಬುಟ್ನಾ? ನುಗ್ಗೆಮರ ಅವ್ನ ಕಡೀಕೆ ಆಕ್ಕೊಂಡವ್ನಲ್ಲೇ, ತಿಪ್ಪೆ ನಿಮ್ ಕಡೀಕೆ ಬುಟ್ಟು!”

ಆಘಾತ ಇದ್ದದ್ದೇ ಅಲ್ಲಿ. ಆ ಸೀಮೆಯಲ್ಲಿ ಭಾಗವಾಗುವುದಕ್ಕೂ ಒಂದು ಕಟ್ಟಳೆಯಿದೆ. ಸೋದರಮಾವ ಬಂದು ಕೂರಬೇಕು. ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಚಿಕ್ಕವನೇ ಗೀಟೂ ಹಾಕಿ, ಚಿಕ್ಕವನೇ ಆರಿಸಿಕೊಂಡದ್ದು ಅಜ್ಜನ ಕಾಲದಿಂದ ಯಾರೂ ಕೇಳದ ಮಾತು. ಮಂಚಮ್ಮ ಒಂದು ಫೋಟೋ ತೆಗೆದಳು. ಶ್ರೀರಂಗಪಟ್ಟಣದ ಮೊದಲ ಬಸ್ಸು ಹೊರಡುವ ಮೊದಲೇ ಆ ಫೋಟೋ ಹೊಣಕೆರೆ ಮುಟ್ಟಿತ್ತು.

ಮರಿಸ್ವಾಮಿ ಎಮ್ಮೆ ಕರೆದು ಬಂದವನು ಗೀಟು ನೋಡಿದ. ಹಾಲಿನ ಕ್ಯಾನು ಕೆಳಗಿಟ್ಟ. ಎಷ್ಟೋ ಹೊತ್ತು ನೋಡಿ, “ಚಲುವ ಆಕಿದ್ನಾ?” ಎಂದ.

“ಇನ್ಯಾರಾಕ್ತಾರೆ, ಸುಣ್ಣ ಅವ್ನ ಇಸ್ಕೂಲ್ದು. ಕೇಳ್ಬಾರ್ದಾ ಬಂದ್ಮ್ಯಾಕೆ?”

“ನಾನ್ಯಾಕ್ ಕೇಳ್ಲಿ? ಬಾಯ್ಬುಟ್ಟು ಯೋಳೋ ಧೈರ್ಯ ಇಲ್ದೆ ಗೀಟಾಕವ್ನೆ. ನಾನ್ ಕೇಳುದ್ರೆ ಬ್ಯಾಡ ಅಂತ ಬೇಡ್ಕೊಂಡಂಗಾಯ್ತದೆ.” ಅಷ್ಟು ಹೇಳಿ ಬಚ್ಚಲ ಕಡೆ ಎತ್ತಿದ ಕಾಲನ್ನು ಗೀಟಿನ ಮೇಲೆ ತಡೆದು, ಹಿಂದಕ್ಕೆ ತೆಗೆದುಕೊಂಡ. ಹೆಗಲ ಮೇಲೆ ಟವಲು ಹಾಕಿಕೊಂಡು ನಾಲೆಗೆ ಹೊರಟುಹೋದ.

ಮಧ್ಯಾಹ್ನ ಬಂದ ಚಲುವರಾಜು ಕಂಡದ್ದು ಒಂದು ಪವಾಡ. ಗೀಟು ಒಂದು ಕಡೆಯೂ ಅಳಿಸಿರಲಿಲ್ಲ. ಶಾಲೆಯಲ್ಲಿ ಅವನು ಬರೆದ ಅಂಕಣವನ್ನು ಹುಡುಗರು ಅರ್ಧ ಗಂಟೆಯಲ್ಲಿ ತುಳಿದು ಅಳಿಸುತ್ತಿದ್ದರು, ಹೆಡ್‌ಮಾಸ್ಟರು ಅದರ ಮೇಲೇ ಬೈಕು ಹತ್ತಿಸುತ್ತಿದ್ದರು. ಇಲ್ಲಿ ನೋಡಿದರೆ ಅತ್ತಿಗೆ ಬಟ್ಟೆಯನ್ನು ಮುಂಬಾಗಿಲ ಜಗುಲಿಯ ಮೇಲೆ ಕುಸುಬುತ್ತಿದ್ದಾಳೆ. ನುಗ್ಗೆಕಾಯಿ ಬೇಕಾದಾಗ ಬಲಗಡೆ ನಿಂತು, ಗೀಟಿನಿಂದ ಈಚೆಗೆ ಬಾಗಿದ ಕೊಂಬೆಯಲ್ಲಿ ಮಾತ್ರ ಛತ್ರಿಯ ಹಿಡಿಯಿಂದ ಎಳೆದುಕೊಳ್ಳುತ್ತಾಳೆ. ಒಂದು ಕಾಯಿ ಗೀಟಿನಾಚೆ ಬಿತ್ತು. ಅದನ್ನು ಅಲ್ಲೇ ಬಿಟ್ಟಳು. ಚಲುವರಾಜುವಿನ ಕಣ್ಣಲ್ಲಿ ನೀರು ಬಂತು. ಇವರಿಗೆ ಹೇಗೋ ಕೋಳಿಯ ವಿಷಯ ತಿಳಿದಿದೆ, ತಿಳಿದೂ ನಗದೆ ಸಹಕಾರ ಕೊಡುತ್ತಿದ್ದಾರೆ ಎಂದುಕೊಂಡ. ಈ ಮನೆಯಲ್ಲಿ ಇಷ್ಟು ಶಿಸ್ತಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಊಟಕ್ಕೆ ಕೂತಾಗ ಇನ್ನೂ ಒಂದು ಆಶ್ಚರ್ಯ ಕಾದಿತ್ತು.

“ಮುದ್ದೆ ಇನ್ನೊಂದ್ ಹಾಕ್ಲಾ ನಿಮ್ಗೆ?” ಎಂದಳು ಸರಸಮ್ಮ, ಗೋಡೆ ನೋಡಿಕೊಂಡು.

ನಿಮಗೆ! ಇಷ್ಟು ವರ್ಷ ‘ತಿಂದ್ ಸಾಯಿ’ ಎಂದು ಬಡಿಸುತ್ತಿದ್ದ ಕೈ ಅದು. ಮರಿಸ್ವಾಮಿಯೂ ಎದುರಿಗೆ ಸಿಕ್ಕಾಗ, “ಮೇಷ್ಟ್ರು ಇಸ್ಕೂಲಿಂದ ಬಂದ್ರಾ” ಎಂದು ಗಾಳಿಗೆ ಹೇಳಿ ದಾಟಿಹೋದ. ಹುಟ್ಟಿದಂದಿನಿಂದ ‘ಲೇ ಚಲುವ’ ಬಿಟ್ಟು ಬೇರೆ ಹೆಸರಿಲ್ಲದವನಿಗೆ ಒಂದೇ ದಿನದಲ್ಲಿ ಇಷ್ಟು ಗೌರವ ಬಂದರೆ ಏನಾಗಬೇಕು? ತರಬೇತಿ ಪಡೆದವನ ಮುಖದ ಕಳೆಯೇ ಬೇರೆ ಇರಬೇಕೆಂದು ಚಲುವರಾಜು ಕನ್ನಡಿ ನೋಡಿಕೊಂಡ. ಅಣ್ಣ ದಿನಾ ನಾಲೆಗೆ ಸ್ನಾನಕ್ಕೆ ಹೋಗುವುದನ್ನು ಕಂಡು, ಈ ವಯಸ್ಸಿನಲ್ಲಿ ಈಜು ಒಳ್ಳೆಯದೆಂದು ಮೆಚ್ಚಿಕೊಂಡ. ಅಣ್ಣ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದುದನ್ನೂ ಕಂಡ. ಮೈ ಇಳಿಸುತ್ತಿದ್ದಾನೆ ಎಂದುಕೊಂಡ.

ಊರು ಮಾತ್ರ ಸುಮ್ಮನಿರಲಿಲ್ಲ. ಪಾಲು ಯಾಕೆ ಎಂಬ ಪ್ರಶ್ನೆಗೆ ಮಂಚಮ್ಮನೇ ಉತ್ತರ ಕಂಡುಹಿಡಿದಳು. “ಎಣ್ಣು ಗೊತ್ತಾಗೈತೆ ಕಣ್ರೇ. ಬೇರೆ ಮನೆ ಮಾಡುದ್ರೇ ಬತ್ತೀನಿ ಅಂದವ್ಳಂತೆ.” ಅಂತೆಯ ಹಿಂದೆ ಯಾರೂ ಇರಲಿಲ್ಲ, ಆದರೆ ಅಂತೆಗೆ ಯಾರೂ ಬೇಕಾಗಿಯೂ ಇರುವುದಿಲ್ಲ. ಅಷ್ಟು ವರ್ಷ ಮೈದುನನಿಗಾಗಿ ಕೆ.ಆರ್.ಪೇಟೆಯಿಂದ ನಾಗಮಂಗಲದವರೆಗೆ ಹೆಣ್ಣು ಹುಡುಕಿ, ಹುಡುಕಿದ ಕಡೆಯಲ್ಲೆಲ್ಲ ಕಾಫಿ ಕುಡಿದು ಬರಿಗೈಲಿ ಬಂದಿದ್ದ ಸರಸಮ್ಮನಿಗೆ ಇದು ನುಗ್ಗೆಮರಕ್ಕಿಂತ ದೊಡ್ಡ ಪೆಟ್ಟಾಯಿತು. ಅವಳು ಒಲೆ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತಳು.

ಒಂದು ಸಂಜೆ ಗ್ರಾಮ ಆಡಳಿತಾಧಿಕಾರಿ ಶಿವಶಂಕರ್ ಆ ದಾರಿಯಲ್ಲಿ ಹೋಗುತ್ತಿದ್ದವನು ಮಂಚಮ್ಮನ ಕರೆಗೆ ಓಗೊಟ್ಟು ಹಿತ್ತಲಿಗೆ ಬಂದ. ಗೀಟಿನ ಈ ತುದಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ಆ ತುದಿ ನೋಡಿದ.

“ಮೇಷ್ಟ್ರೇ, ಇದನ್ನ ಹಾಕಿದ್ದು ನೀವಾ? ಒಂದಂಗುಲ ಆಚೆ ಈಚೆ ಇಲ್ವಲ್ರೀ! ಇಷ್ಟು ನೇರ ಗೆರೆ ನಾನು ಸರ್ವೀಸಲ್ಲೇ ನೋಡಿಲ್ಲ.”

ಕೋಳಿಯ ಸುದ್ದಿ ಸರ್ಕಾರದವರೆಗೂ ಹೋಗಿದೆಯೆಂದು ಚಲುವರಾಜು ಉಬ್ಬಿದ. “ಅಭ್ಯಾಸ ಸಾರ್” ಎಂದ, ತಲೆ ತಗ್ಗಿಸಿ.

“ಮನೆಯವರದ್ದೆಲ್ಲ ಒಪ್ಪಿಗೆ ಇದೆ ತಾನೆ? ಆಮೇಲೆ ತಕರಾರು ಬರಬಾರದು.”

“ಒಪ್ಪಿಗೆಯಾ? ನೀವೇ ನೋಡಿ ಸಾರ್. ಒಬ್ಬರಾದರೂ ಗೆರೆ ತುಳಿದಿದ್ದಾರಾ? ನಮ್ಮಣ್ಣ ಸ್ನಾನಕ್ಕೇ ಈ ಕಡೆ ಬರಲ್ಲ.”

ಶಿವಶಂಕರ್ ದಂಗಾದ. ಇಂಥ ಗೀಟುಗಳ ಮೇಲೆ ಮಚ್ಚು ಎದ್ದದ್ದನ್ನು ಕಂಡವನು ಅವನು. ಮರಿಸ್ವಾಮಿ ಬಲಗಡೆಯ ತಿಪ್ಪೆ ಪಕ್ಕದಲ್ಲಿ ಸಗಣಿ ತಟ್ಟೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದ. “ನಿಮ್ಮಂಥ ಅಣ್ಣತಮ್ಮಂದಿರು ಊರಿಗಿಬ್ಬರು ಇದ್ದರೆ ಕೋರ್ಟುಗಳಿಗೆ ಬೀಗ ಹಾಕಬಹುದು” ಎಂದು ಶಿವಶಂಕರ್ ಕೈಮುಗಿದು ಹೋದ. ಆ ರಾತ್ರಿ ಮರಿಸ್ವಾಮಿ ಮುದ್ದೆಯನ್ನು ಮುಟ್ಟಲೇ ಇಲ್ಲ.

ಮುಂದಿನ ಭಾನುವಾರ ಚಲುವರಾಜು ಖಾಲಿ ಬುಟ್ಟಿ ಕಟ್ಟಿಕೊಂಡು ಪಾಂಡವಪುರದ ಕಡೆ ಹೋದ ಹೊತ್ತಿಗೆ, ಈ ಕಡೆ ನೆಂಟರು ಇಳಿದರು. ಮೊದಲು ಬಂದವಳು ಹೊಣಕೆರೆಗೆ ಕೊಟ್ಟಿದ್ದ ತಂಗಿ ಯಶೋಧ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಜಗಳಕ್ಕೆ ಹೋಗುವ ಖರ್ಚು ಉಳಿದಿದೆ. ಅವಳು ಮೂರು ಬಸ್ಸು ಬದಲಾಯಿಸಿ, ಮೂರರಲ್ಲೂ ಕಥೆ ಹೇಳುತ್ತ ಬಂದಿದ್ದಳು. ಹಿತ್ತಲಿಗೆ ನುಗ್ಗಿ, ಎರಡು ಭಾಗವನ್ನೂ ನೋಡಿ, “ನನ್ ಗೀಟೆಲ್ಲಿ?” ಎಂದಳು.

“ನಿಂಗೂ ಬೇಕೇನಮ್ಮಿ ಪಾಲು?” ಎಂದಳು ಸರಸಮ್ಮ.

“ಬ್ಯಾಡ ಅತ್ಗೆ. ಬ್ಯಾಡ ಅಂತ ಯೋಳಕಾದ್ರೂ ನಂದೊಂದ್ ಗೀಟಿರ್ಬ್ಯಾಡ್ವಾ?”

ಹಿಂದೆಯೇ ಬಂದದ್ದು ಕೆ.ಆರ್.ಪೇಟೆ ಕಡೆಯ ಸೋದರಮಾವ ಬೀರಯ್ಯ. ವಯಸ್ಸಾಗಿ ಕಿವಿ ಮಂದವಾದರೂ ಪಾಲು ಎಂಬ ಮಾತು ಅವನಿಗೆ ಹತ್ತು ಮೈಲಿಯಿಂದ ಕೇಳುತ್ತಿತ್ತು. ಬಳಗದ ಎಷ್ಟೋ ಮನೆಗಳನ್ನು ಎರಡು ಮಾಡಿದ ಹಿರಿಯ ಅವನು. ಅಳೆಯಲು ತನ್ನದೇ ಹಗ್ಗ ತಂದಿದ್ದ. ತನಗೆ ಹೇಳದೆ ಗೀಟು ಹಾಕಿದ್ದಕ್ಕೆ ಕೆಂಡವಾಗಿದ್ದ. ಹಗ್ಗ ಹಿಡಿದು ಅಳೆದ ಮೇಲೆ ಎಲ್ಲೂ ತಪ್ಪು ಸಿಗದೆ ಇನ್ನೂ ಕೆಂಡವಾದ.

“ಇರ್ಲಿ. ಪಂಚಾಯ್ತಿ ಮಾಡವ. ಆದ್ರೆ ಒಂದ್ ಮಾತು, ಅಸ್ದ ಒಟ್ಟೇಲಿ ಪಾಲ್ ಮಾಡುದ್ರೆ ಮಾತು ಮೀರ್ತದೆ. ಮೊದ್ಲು ಕೋಳಿ ಸಾರು, ಮುದ್ದೆ. ಎಲ್ರೂ ಒಂದೇ ಪಂಕ್ತೀಲಿ ಕೂತು ಕಡೇ ಊಟ ಉಣ್ಣಬೇಕು. ಅದು ನಮ್ ಪದ್ಧತಿ.”

“ಕೋಳಿ ಎಲ್ಲೈತೆ ಮಾವ ಈ ಮನೇಲಿ?” ಎಂದಳು ಸರಸಮ್ಮ ಮೂಗೊರೆಸಿಕೊಂಡು.

ಸರಿಯಾಗಿ ಆ ಕ್ಷಣಕ್ಕೆ ಬೀದಿಯಲ್ಲಿ ಸ್ಕೂಟರು ನಿಂತ ಸದ್ದಾಯಿತು. ಚಲುವರಾಜು ಹಿಂದೆ ಒಂದು, ಮುಂದೆ ಒಂದು ದೊಡ್ಡ ಬುಟ್ಟಿ ಇಟ್ಟುಕೊಂಡು, ಮೈತುಂಬ ಪುಕ್ಕ ಅಂಟಿಸಿಕೊಂಡು ಒಳಗೆ ಬಂದ. ಸಂತೆಯಲ್ಲಿ ಅವನು ಪ್ರತಿ ಕೋಳಿಯ ಕಿವಿಯ ಬಳಿ ಸೀಟಿ ಊದಿ, ಬೆಚ್ಚಿ ಓಡಿದ್ದನ್ನೆಲ್ಲ ಪಾಸು ಮಾಡಿದ್ದ. ಗಿರಿರಾಜ ಒಂದಷ್ಟು, ನಾಟಿ ಒಂದಷ್ಟು, ಕಡಕ್‌ನಾಥ ಒಂದೆರಡು. ಹುಂಜ ಮಾತ್ರ ಎತ್ತರದ ಅಸೀಲ್, ಎಷ್ಟು ಊದಿದರೂ ಕದಲದೆ ತಿರುಗಿ ಅವನ ಕೈಯನ್ನೇ ಕುಕ್ಕಿತ್ತು. ಅದನ್ನೇ ಕ್ಯಾಪ್ಟನ್ ಮಾಡಿದ್ದ.

ಹಿತ್ತಲ ತುಂಬ ನೆಂಟರನ್ನು ಕಂಡು ಅವನ ಎದೆ ತುಂಬಿತು. ಉದ್ಘಾಟನೆಗೆ ತಂಗಿ, ಮಾವ ಎಲ್ಲರನ್ನೂ ಅಣ್ಣನೇ ಕರೆಸಿದ್ದಾನೆ!

“ಎಲ್ರೂ ಬಂದ್ರಾ? ಭಾಳಾ ಸಂತೋಷ ಆಯ್ತು ಮಾವ” ಎಂದ.

ಯಶೋಧ ಹಣೆ ಚಚ್ಚಿಕೊಂಡಳು. “ಮನೆ ಒಡಿಯೋಕೆ ಎಂಗ್ ನಗ್ತಾ ಬತ್ತಾವ್ನೆ ನೋಡು!” ಎಂದು ಅತ್ತಿಗೆಯ ಕಿವಿಯಲ್ಲಿ ಅಂದಳು.

ಬೀರಯ್ಯ ಮಾತ್ರ ಬುಟ್ಟಿ ನೋಡಿ ತಣ್ಣಗಾಗಿದ್ದ. “ಏನಾದ್ರೂ ಆಗ್ಲಿ, ಪದ್ಧತಿ ಬಲ್ಲ ಮಗ. ಕೇಳೋಕ್ ಮುಂಚೆ ತಂದವ್ನೆ.” ಬುಟ್ಟಿಗೆ ಕೈ ಹಾಕಿ ಒಂದೊಂದರ ಎದೆಯನ್ನೂ ಹಿಸುಕಿ ನೋಡಿದ. “ಇದು ಗಿರಿರಾಜ, ಬ್ಯಾಡ. ಇದಿನ್ನೂ ಎಳೇದು. ಆ ಉಂಜ ತಗೀರಿ, ಅದು ಕಡ್ದು ತಿನ್ನೋ ಅಂತ ಕೋಳಿ. ಮರಿಸ್ವಾಮಿ, ನೀನ್ ದೊಡ್ಡೋನು. ನೀನೇ ಕುಯ್ಯಬೇಕು.”

ಏನು ನಡೆಯುತ್ತಿದೆಯೆಂದು ಚಲುವರಾಜುವಿನ ತಲೆಗೆ ಇಳಿಯುವಷ್ಟರಲ್ಲಿ ಸರಸಮ್ಮ ನೀರಿಗಿಟ್ಟಾಗಿತ್ತು. ಕ್ಯಾಪ್ಟನ್ನು ಮರಿಸ್ವಾಮಿಯ ಎಡಗೈಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದ. ಬಲಗೈಯಲ್ಲಿ ಚೂರಿ. ಮಂಚಮ್ಮನ ತಲೆ ಗೋಡೆಯ ಮೇಲೆ ಕುತ್ತಿಗೆಯವರೆಗೂ ಎದ್ದಿತ್ತು.

ಜೋರಾಗಿ ಸೀಟಿ ಕೇಳಿತು. ಬುಟ್ಟಿಯಲ್ಲಿದ್ದ ಪಾಸಾದ ಕೋಳಿಗಳೆಲ್ಲ ಬೆಚ್ಚಿದವು, ಬೀರಯ್ಯನ ರುಮಾಲು ಬಿತ್ತು.

“ಫೌಲು!” ಎಂದು ಚಲುವರಾಜು ಎರಡು ಕೈಯನ್ನೂ ಮೇಲೆತ್ತಿದ. “ಅಣ್ಣ, ಅದನ್ನ ಕುಯ್ಯಂಗಿಲ್ಲ!”

ಆದರೆ ಮರಿಸ್ವಾಮಿ ಸೀಟಿಗೂ ಮೊದಲೇ ಚೂರಿಯನ್ನು ಕೆಳಗೆ ಹಾಕಿಬಿಟ್ಟಿದ್ದ. “ನನ್ ಕೈಲಾಗಕಿಲ್ಲ ಮಾವ” ಎಂದ. “ಎಲ್ಲಾ ಅವ್ನೇ ತಗೊಳ್ಲಿ. ನಲ್ಲೀನೂ ತಗೊಳ್ಲಿ, ತೆಂಗಿನ್ಮರಾನೂ ತಗೊಳ್ಲಿ. ಒಂದ್ ಒಲೆ ಎಲ್ಡಾಗೋ ಊಟಕ್ಕೆ ನಾನ್ ಕೋಳಿ ಕುಯ್ಯಕಿಲ್ಲ.”

ಚಲುವರಾಜು ಅಣ್ಣನ ಮುಖ ನೋಡಿದ, ಮಾವನ ಹಗ್ಗ ನೋಡಿದ.

“ಯಾವ ಒಲೆ ಎಲ್ಡಾಗೋದು?” ಎಂದ.

“ಯಾವ ಒಲೆಯಾ?” ಸರಸಮ್ಮ ಚೌಕದ ಕಡೆ ಬೆರಳು ಮಾಡಿದಳು. “ಅದೋ ಅಲ್ ಆಕಿದೀರಲ್ಲ, ಬರೋ ಮಾರಾಣಿಗೆ!”

“ಅತ್ಗೆ, ಅದು ಕೋಳಿಗೂಡು! ಹತ್ತು ಹೇಟೆ, ಒಂದು ಹುಂಜ. ಮಲಗೋಕೆ ಅದು, ಓಡಾಡೋಕೆ ಈ ಕಡೆ.”

ಮೊದಲು ಚೇತರಿಸಿಕೊಂಡವನು ಬೀರಯ್ಯ. “ಕೋಳಿ ಓಡಾಡಕ್ಕೆ ಅರ್ಧ ಇತ್ಲೇನ್ಲಾ? ಒಂದ್ ಕೋಳಿಗೆ ಎಷ್ಟ್ ಬೇಕು?”

“ಹತ್ತು ಚದರಡಿ ಮಾವ.”

“ಮೂಲೇಲಿ ಮುಗ್ದೋಯ್ತು. ಮತ್ತೆ ಈ ನಡುಗೀಟು ಯಾಕ್ ಬಂತು?”

ಚಲುವರಾಜು ನಡುಗೀಟನ್ನು ಅಂದೇ ಮೊದಲ ಸಲ ನೋಡುವವನಂತೆ ನೋಡಿದ. ಬಹಳ ಹೊತ್ತು ನೋಡಿದ. ಕಿವಿ ಕೆಂಪಾಯಿತು.

“ಅದು… ಕಬಡ್ಡಿದು ಮಾವ” ಎಂದ ಸಣ್ಣ ದನಿಯಲ್ಲಿ. “ಪುಡಿ ಉಳ್ದಿತ್ತು. ಕೈ ಅಭ್ಯಾಸ.”

ಗೋಡೆಯ ಮೇಲಿಂದ ಮಂಚಮ್ಮನ ತಲೆ ಮೆಲ್ಲಗೆ ಇಳಿದುಹೋಯಿತು. ಯಶೋಧ, “ಎಮ್ಮೆ ಕರೀದೆ ಬಂದೆ ಕಣಪ್ಪ ನಾನು, ಕೋಳಿಗೂಡು ನೋಡಕ್ಕೆ!” ಎಂದು ಒಗೆಯುವ ಕಲ್ಲಿನ ಮೇಲೆ ಕುಸಿದಳು.

ಮರಿಸ್ವಾಮಿ ಹುಂಜವನ್ನು ಹಿಡಿದುಕೊಂಡೇ ತಮ್ಮನ ಎದುರಿಗೆ ಬಂದ. “ಲೇ ಚಲುವ. ಕಬಡ್ಡಿ ಗೀಟ್ಗೆ ನಾನು ಒಂದ್ ವಾರ ನಾಲೇಲಿ ಮಿಂದ್ನೇನ್ಲಾ?”

ಲೇ ಚಲುವ. ಆ ಮಾತು ಕಿವಿಗೆ ಬಿದ್ದಾಗಲೇ ಚಲುವರಾಜುವಿಗೆ ಎಲ್ಲ ತಿಳಿಯಿತು. ನಿಮಗೆ ಎಂದದ್ದು ಗೌರವವಲ್ಲ. ಮೇಷ್ಟ್ರು ಎಂದದ್ದು ಮೆಚ್ಚುಗೆಯಲ್ಲ. ಅಣ್ಣ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದದ್ದು ಮೈ ಇಳಿಸಲಿಕ್ಕಲ್ಲ. ತಾನು ಎಂಥ ಕತ್ತೆ ಎಂದು ಬಾಯಿಬಿಟ್ಟು ಹೇಳಬೇಕೆನಿಸಿತು, ಆದರೆ ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯ.

ಇಲ್ಲಿಗೆ ಮುಗಿಯಬೇಕಿತ್ತು. ಬೀರಯ್ಯ ಬಿಡಲಿಲ್ಲ.

“ಅದೆಲ್ಲಾ ಆಗಕಿಲ್ಲ. ಪಾಲ್ ಮಾಡಕೆ ಅಂತ ಬಂದು ಏನೂ ಪಾಲ್ ಮಾಡ್ದೆ ನಾನ್ಯಾವತ್ತೂ ವಾಪಸ್ ಓಗಿಲ್ಲ. ಊರ್ನಲ್ಲಿ ನನ್ ಮರ್ವಾದೆ ಏನಾಗ್ಬೇಕು? ಏನಾದ್ರೂ ಪಾಲಾಗ್ಲೇಬೇಕು.”

ಮರಿಸ್ವಾಮಿ ಒಂದು ಗಳಿಗೆ ಯೋಚಿಸಿದ. ಆಮೇಲೆ ಹುಂಜವನ್ನು ಬುಟ್ಟಿಗೆ ತುರುಕಿ, ಎರಡೂ ಬುಟ್ಟಿ ಎತ್ತಿ ಗೀಟಿನ ಬಲಗಡೆ ಇಟ್ಟ. ಹೆಂಡತಿಯ ಕೈ ಹಿಡಿದು ಎಡಗಡೆಗೆ ಬಂದು, ಒಂದು ವಾರದ ನಂತರ ಬಚ್ಚಲ ಕಟ್ಟೆಯ ಮೇಲೆ ಕೂತ.

“ಸರಿ ಮಾವ. ದೊಡ್ಡೋನ್ ನಾನು, ಪಾಲ್ ಮಾಡಿವ್ನಿ. ಆ ಕಡೀಕೆ ಕೋಳಿ. ಈ ಕಡೀಕೆ ನಾನು, ಅವ್ಳು, ಒಲೆ. ಚಿಕ್ಕೋನು ಮೊದ್ಲು ಆರಿಸ್ಕೋಬೇಕು. ಆರಿಸ್ಕೊಳ್ಲಾ.”

ಚಲುವರಾಜು ಗೀಟಿನ ತುದಿಯಲ್ಲಿ ನಿಂತ. ಬಲಗಡೆ ಬುಟ್ಟಿಯ ಸಂದಿಯಿಂದ ಒಂದು ನಾಟಿ ಹೇಟೆ ಕತ್ತು ಚಾಚಿ ಅವನನ್ನೇ ನೋಡುತ್ತಿತ್ತು. ಅವನು ಯೋಚಿಸಿದ. ಯೋಚಿಸಬಾರದಿತ್ತು.

“ಅಯ್ಯಯ್ಯೋ, ಇನ್ನೂ ಯೋಚ್ನೆ ಮಾಡ್ತಾವ್ನಲ್ಲಾ ಮುಂಡೇದು!” ಎಂದು ಸರಸಮ್ಮ ಚೀರಿದಳು.

ಅಷ್ಟರಲ್ಲಿ ಚಲುವರಾಜು ಉಸಿರು ಬಿಗಿಹಿಡಿದು ನಡುಗೀಟು ದಾಟಿದ್ದ. ಹೋಗಿ ಅಣ್ಣನ ಮೊಣಕಾಲನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡು ಕೂತ. ಮರಿಸ್ವಾಮಿ ಅವನ ತಲೆಯ ಮೇಲೊಂದು ಮೊಟಕಿದ, ಮೊಟಕಿದ ಕೈಯನ್ನು ಅಲ್ಲೇ ಇಟ್ಟ.

“ಆಯ್ತು!” ಎಂದು ಬೀರಯ್ಯ ಹಗ್ಗ ಸುತ್ತಿಕೊಂಡ. “ಚಿಕ್ಕೋನು ಅಣ್ಣನ್ನ ಆರಿಸ್ಕೊಂಡ. ಕಟ್ಟಳೆ ಪ್ರಕಾರ ಉಳಿದಿದ್ದು ದೊಡ್ಡೋನಿಗೆ. ಕೋಳಿ ಎಲ್ಲಾ ಮರಿಸ್ವಾಮೀದು.”

ಚಲುವರಾಜು ತಲೆಯೆತ್ತಿದ. “ಮಾವ, ತಂದಿದ್ದು ನಾನು…”

“ಪಾಲಿಗೆ ಬಂದಿದ್ದು ಪಂಚಾಮೃತ ಕಣ್ಲಾ. ಎದ್ದೇಳು.”

ಆ ದಿನ ಸರಸಮ್ಮ ಎಡಗಡೆಯ ಕೊಂಬೆಗಳಿಂದ ಮಡಿಲು ತುಂಬ ನುಗ್ಗೆಕಾಯಿ ಕಿತ್ತಳು. ಬೀರಯ್ಯ ನುಗ್ಗೆಕಾಯಿ ಸಾರಿನಲ್ಲೇ ಮುದ್ದೆ ನುಂಗಿ, ಇಂಥ ಒಣ ಪಂಚಾಯ್ತಿ ತಾನು ಕಂಡಿಲ್ಲವೆಂದು ಗೊಣಗುತ್ತ ಬಸ್ಸು ಹತ್ತಿದ. ಗೀಟನ್ನು ಯಾರೂ ಬೇಕೆಂದು ಅಳಿಸಲಿಲ್ಲ. ಕೋಳಿಗಳು ಕೆದಕಿ ಕೆದಕಿ ಮಾರನೆಯ ಸಂಜೆಯೊಳಗೆ ಮುಗಿಸಿದವು.

ಗೂಡು ಅದೇ ಮೂಲೆಯಲ್ಲಿ, ಹೇಳಿದ ಅಳತೆಯಲ್ಲೇ ಎದ್ದಿದೆ. ಕಟ್ಟಿದವನು ಚಲುವರಾಜು, ಯಜಮಾನ ಮರಿಸ್ವಾಮಿ. ಸರಸಮ್ಮ ನಾಟಿ ಹೇಟೆಗಳನ್ನು ಗಿರಿರಾಜದ ಮೊಟ್ಟೆಗೆ ಕಾವು ಕೂರಿಸಿ ಮರಿ ಮಾಡಿಸಿದ್ದಾಳೆ. ಮೊಟ್ಟೆ ಇಡಲು ಒಂದು, ಸಾಕಲು ಒಂದು ಇದ್ದರೆ ಮನೆ ನಡೆಯುತ್ತದೆಂದು ಅವಳಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಿರಲಿಲ್ಲ. ಚಲುವರಾಜು ಬೆಳಗ್ಗೆ ಎದ್ದು ಗೂಡಿನ ಮುಂದೆ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು, ಸೀಟಿ ಬಾಯಿಗಿಡುತ್ತಾನೆ. ಬಚ್ಚಲಿನಿಂದ ತಕ್ಷಣ ಕೂಗು ಬರುತ್ತದೆ.

“ಲೇ ಚಲುವ! ನನ್ ಕೋಳಿ ತಾವ ಊದ್ಬ್ಯಾಡ ಕಣ್ಲಾ, ಮೊಟ್ಟೆ ಇಡಾದ್ನ ನಿಲ್ಲಿಸ್ಬುಟ್ಟಾವು!”

ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟು ಅವನು ಒಳಗೆ ಬಂದು ಮಣೆಯ ಮೇಲೆ ಕೂರುತ್ತಾನೆ. ಸರಸಮ್ಮ ತಟ್ಟೆಗೆ ಮುದ್ದೆ ಹಾಕಿ, ಪಕ್ಕದಲ್ಲಿ ಬೇಯಿಸಿದ ಮೊಟ್ಟೆಯೊಂದನ್ನು ಠಣ್ಣನೆ ಇಟ್ಟು, ಅವನ ಮುಖವನ್ನೇ ನೋಡುತ್ತ ಹೇಳುತ್ತಾಳೆ.

“ತಿಂದ್ ಸಾಯಿ.”